ಆಟಿಕೆಯ ಬೆಲೆ, ಆಟದ ಬೆಲೆ

ಎಳೆಯ ಮಕ್ಕಳಿರುವ ಯಾವ ಮನೆಯ ಅಟ್ಟವನ್ನು ಹುಡುಕಿದರೂ ಅಲ್ಲೊಂದು ರಟ್ಟಿನ ಪೆಟ್ಟಿಗೆ ಸಿಗುವುದು ಬಹುಮಟ್ಟಿಗೆ ಖಂಡಿತ. ಚಕ್ರ ಕಳಚಿದ ಮೋಟಾರು, ದನಿಯುಡುಗಿದ ಗಿಳಿ, ಒಂದು ಕಾಲದಲ್ಲಿ ದೀಪ ಮಿನುಗಿಸಿ ಅಕ್ಷರಗಳನ್ನು ಹಾಡುತ್ತಿದ್ದ ಹಲಗೆ, ಇವೆಲ್ಲ ಅದರೊಳಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಒಂದೊಂದನ್ನು ಕೊಂಡ ದಿನವೂ ಮನೆಯಲ್ಲಿ ಹಬ್ಬವಾಗಿತ್ತು. ಕೊಂಡವರ ಜೇಬಿಗೂ ಅದು ಸಣ್ಣ ಹೊರೆಯಾಗಿರಲಿಲ್ಲ. ಆದರೆ ಹಬ್ಬ ಮೂರೇ ದಿನಕ್ಕೆ ಮುಗಿಯಿತು. ನಾಲ್ಕನೆಯ ದಿನ ಮಗು ಆಟಿಕೆಯನ್ನು ಮೂಲೆಗೆ ತಳ್ಳಿ, ಅದು ಬಂದ ಪೆಟ್ಟಿಗೆಯೊಳಗೆ ತಾನೇ ಕುಳಿತು ಬಸ್ಸು ಬಿಡತೊಡಗಿತು. ತಂದೆತಾಯಿಗಳು ಇದನ್ನು ಕಂಡು ನಗುತ್ತಾರೆ. ಕೆಲವರು ಮಗುವಿಗೆ ಬೆಲೆಯ ಅರಿವಿಲ್ಲವೆಂದು ಬೇಸರಪಡುತ್ತಾರೆ. ವಾಸ್ತವವಾಗಿ ಮಗುವಿಗೆ ಬೆಲೆಯ ಅರಿವು ಚೆನ್ನಾಗಿಯೇ ಇದೆ. ಅದು ಅಳೆಯುವುದು ಆಟಿಕೆಯ ಬೆಲೆಯನ್ನಲ್ಲ, ಆಟದ ಬೆಲೆಯನ್ನು.

ಈ ಎರಡು ಬೆಲೆಗಳ ನಡುವಣ ಅಂತರವನ್ನು ತಿಳಿದುಕೊಂಡರೆ ಮಧ್ಯಮ ವರ್ಗದ ಸಂಸಾರಕ್ಕೆ ಹಣ ಉಳಿಯುವುದು ಮಾತ್ರವಲ್ಲ, ಮಗುವಿನ ಬುದ್ಧಿಗೂ ಒಳಿತಾಗುತ್ತದೆ.

ಹಣೆಪಟ್ಟಿಯ ಮೋಹ

ಹಿಂದೆ ಆಟಿಕೆ ಆಟಿಕೆಯಾಗಿಯೇ ಮಾರಾಟವಾಗುತ್ತಿತ್ತು. ಈಗ ಅದರ ಪೆಟ್ಟಿಗೆಯ ಮೇಲೆ ‘ಕಲಿಕೆಯ ಆಟಿಕೆ’ ಎಂಬ ಹಣೆಪಟ್ಟಿ ಇರಬೇಕು. ಮಗು ಚುರುಕಾಗುತ್ತದೆ, ಬೇಗ ಮಾತನಾಡುತ್ತದೆ, ಲೆಕ್ಕದಲ್ಲಿ ಮುಂದಾಗುತ್ತದೆ ಎಂಬ ಆಶ್ವಾಸನೆಯೂ ಇರಬೇಕು. ಆ ಅಕ್ಷರಗಳ ಮುಂದೆ ತಂದೆತಾಯಿಗಳ ವಿವೇಕ ಸ್ವಲ್ಪ ಮಂಕಾಗುವುದು ಸಹಜ. ಪಕ್ಕದ ಮನೆಯ ಮಗುವಿನ ಬಳಿ ಇರುವುದು ತಮ್ಮ ಮಗುವಿನ ಬಳಿ ಇಲ್ಲವೆಂದಾಗ, ತಾವು ಅದರ ಭವಿಷ್ಯದಿಂದಲೇ ಏನನ್ನೋ ಕಿತ್ತುಕೊಂಡಂತೆ ಅವರಿಗೆ ಭಾಸವಾಗುತ್ತದೆ. ತಿಂಗಳ ಕೊನೆಯ ವಾರದಲ್ಲಿ ಅಂಗಡಿಯಿಂದ ಬರಿಗೈಯಲ್ಲಿ ಹೊರಬರುವ ತಾಯಿಯ ಮನಸ್ಸಿನ ಕೊರಗು ಹೇಳಿಕೊಳ್ಳಲಾಗದಂಥದು. ಆ ಕೊರಗಿಗೆ ಕಾರಣವಿಲ್ಲವೆಂದು ತಿಳಿಸುವುದು ಅವಶ್ಯಕ.

ದೀಪ ಬೆಳಗುವ, ತಾನೇ ಮಾತನಾಡುವ ಆಟಿಕೆಗಳನ್ನು ವಿದ್ವಾಂಸರು ಪರೀಕ್ಷೆಗೆ ಒಳಪಡಿಸಿದ್ದುಂಟು. ಅಮೆರಿಕದ ಉತ್ತರ ಅರಿಜೋನ ವಿಶ್ವವಿದ್ಯಾನಿಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 10ರಿಂದ 16 ತಿಂಗಳ 26 ಶಿಶುಗಳು ತಮ್ಮ ತಂದೆ ಅಥವಾ ತಾಯಿಯೊಡನೆ ಮನೆಯಲ್ಲಿಯೇ ಆಡಿದವು. ಬ್ಯಾಟರಿಯ ಆಟಿಕೆ ಇದ್ದಾಗ ಹಿರಿಯರು ನಿಮಿಷಕ್ಕೆ ಆಡಿದ ಮಾತು ಸುಮಾರು 40 ಪದ. ಮರದ ತುಂಡು, ಆಕಾರ ಜೋಡಿಸುವ ಡಬ್ಬಿ ಮೊದಲಾದ ಸಾಧಾರಣ ಆಟಿಕೆಗಳಿದ್ದಾಗ ಸುಮಾರು 56. ಚಿತ್ರದ ಪುಸ್ತಕವಿದ್ದಾಗ ಸುಮಾರು 67. ಕಾರಣ ಗೂಢವೇನಲ್ಲ. ಆಟಿಕೆ ಮಾತನಾಡುತ್ತಿರುವಾಗ ತಾಯಿ ಸುಮ್ಮನಾಗುತ್ತಾಳೆ. ಆದರೆ ಮಗು ಮಾತು ಕಲಿಯುವುದು ಆಟಿಕೆಯಿಂದಲ್ಲ. ತನ್ನ ಮುಖವನ್ನು ನೋಡಿ, ತನ್ನ ತೊದಲಿಗೆ ಮರುತೊದಲು ನುಡಿಯುವ ಜೀವದಿಂದ. ‘ಎ ಫಾರ್ ಆಪಲ್’ ಎಂದು ಸಾವಿರ ಸಲ ಹಾಡುವ ಯಂತ್ರಕ್ಕೆ, ಮಗು ಒಮ್ಮೆ ‘ಅದೇನು?’ ಎಂದು ಕೇಳಿದರೆ ಉತ್ತರ ಕೊಡಲು ಬಾರದು.

ಯಾರು ಆಡುತ್ತಿದ್ದಾರೆ?

ಆದುದರಿಂದ ಅಂಗಡಿಯಲ್ಲಿ ಆಟಿಕೆಯನ್ನು ಕೈಗೆತ್ತಿಕೊಂಡಾಗ ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ ಇದು: ಇಲ್ಲಿ ಆಡುವವರು ಯಾರು, ಮಗುವೋ ಆಟಿಕೆಯೋ? ಕೀಲಿ ಕೊಟ್ಟರೆ ಓಡುವ, ಗುಂಡಿ ಒತ್ತಿದರೆ ಕುಣಿಯುವ ಗೊಂಬೆಯ ಮುಂದೆ ಮಗು ಪ್ರೇಕ್ಷಕ. ಮರದ ತುಂಡುಗಳ ಮುಂದೆ ಅದೇ ಮಗು ಸೂತ್ರಧಾರ. ತುಂಡು ತಾನಾಗಿ ಏನನ್ನೂ ಮಾಡುವುದಿಲ್ಲ, ಮಾಡಿಸಿಕೊಳ್ಳುತ್ತದೆ. ಅದು ಬೆಳಿಗ್ಗೆ ಗೋಡೆ, ಮಧ್ಯಾಹ್ನ ರೈಲು, ಸಂಜೆ ದೇವರ ಮಂಟಪ.

ಎರಡನೆಯ ಪ್ರಶ್ನೆ: ಇದರಿಂದ ಎಷ್ಟು ಬಗೆಯ ಆಟ ಸಾಧ್ಯ? ಒಂದೇ ಬಗೆಯ ಆಟವಿರುವ ವಸ್ತು ಎಷ್ಟು ಅಗ್ಗವಾದರೂ ದುಬಾರಿಯೇ. ಹತ್ತು ಬಗೆಯ ಆಟವಿರುವುದು ಸ್ವಲ್ಪ ದುಬಾರಿಯಾದರೂ ಅಗ್ಗವೇ. ಇಂದಿನ ಆಟ ಮುಂದಿನ ವರ್ಷವೂ ಉಳಿದೀತೇ ಎಂಬುದನ್ನೂ ಇದರೊಡನೆ ಸೇರಿಸಿಕೊಳ್ಳಬಹುದು.

ಮೂರನೆಯ ಪ್ರಶ್ನೆಯನ್ನು ಕಲಿಸಿಕೊಟ್ಟವರು ಇಟಲಿಯ ಮರಿಯಾ ಮಾಂಟೆಸರಿ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಈ ವೈದ್ಯೆ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದರು. ಅವರ ಉಪಕರಣಗಳಲ್ಲಿ ಮರದ ಹಲಗೆಯೊಂದುಂಟು. ಅದರಲ್ಲಿ ಹತ್ತು ಕುಳಿಗಳು. ಅವುಗಳಲ್ಲಿ ಕೂರುವ ಹತ್ತು ಉರುಳೆಗಳು. ಒಂದು ಉರುಳೆಯನ್ನು ತಪ್ಪು ಕುಳಿಯಲ್ಲಿಟ್ಟರೆ ಕೊನೆಗೊಂದು ಉರುಳೆ ಜಾಗವಿಲ್ಲದೆ ಉಳಿಯುತ್ತದೆ. ‘ತಪ್ಪು’ ಎಂದು ಯಾರೂ ಗದರಬೇಕಾಗಿಲ್ಲ, ಉಪಕರಣವೇ ತಿಳಿಸುತ್ತದೆ. ಮಗು ಅವಮಾನಪಡದೆ ಮತ್ತೆ ಮೊದಲಿನಿಂದ ತೊಡಗುತ್ತದೆ. ತಪ್ಪನ್ನು ತಾನೇ ತೋರಿಸಿಕೊಡುವ ಗುಣ ಆಟಿಕೆಗಿದೆಯೇ ಎಂಬುದೇ ಆ ಮೂರನೆಯ ಪ್ರಶ್ನೆ. ಇದಕ್ಕಾಗಿ ಬೆಲೆಬಾಳುವ ಉಪಕರಣವನ್ನೇ ತರಿಸಬೇಕೆಂದಿಲ್ಲ. ಅಡಿಗೆಮನೆಯಲ್ಲಿ ಒಂದರೊಳಗೊಂದು ಕೂರುವ ಡಬ್ಬಿಗಳೂ, ಅವುಗಳ ಮುಚ್ಚಳಗಳೂ ಇದೇ ಪಾಠವನ್ನು ಹೇಳುತ್ತವೆ.

ಪಾವು–ಸೇರಿನ ಪಾಠ

ಅಡಿಗೆಮನೆಯ ಮಾತು ಬಂದುದರಿಂದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಸೊಸೆ ಕಚೇರಿಗೆ ಹೋಗುವವಳು. ಮೊಮ್ಮಗನನ್ನು ನೋಡಿಕೊಳ್ಳುವವರು ಅತ್ತೆ. ಮೊಮ್ಮಗನಿಗೆ ಈಗಷ್ಟೇ ಮೂರು ತುಂಬಿದೆ. ಸಂಜೆ ಸೊಸೆ ಮನೆಗೆ ಬಂದಾಗ ಅವನು ಪಡಸಾಲೆಯ ನಡುವೆ, ಹಾಸಿದ ಹಳೆಯ ಸೀರೆಯ ಮೇಲೆ ಅಕ್ಕಿಯ ರಾಶಿಯ ಮುಂದೆ ಕುಳಿತಿದ್ದಾನೆ.

“ಅತ್ತೆ, ಅಕ್ಕಿಯೆಲ್ಲ ಚೆಲ್ಲುತ್ತಾನಲ್ಲ, ಆ ಪಾವು ಯಾಕೆ ಕೊಟ್ಟಿರಿ? ಮೊನ್ನೆ ತಂದ ಆಟಿಕೆ ಇದೆಯಲ್ಲ?”

“ಅದನ್ನ ನಿನ್ನೆಯೇ ಆಡಿ ಮುಗಿಸಿದನಮ್ಮ. ಎಷ್ಟು ಸಲ ಒತ್ತಿದರೂ ಅದೇ ಹಾಡು. ಇಲ್ಲಿ ನೋಡು, ಪಾವಿನಿಂದ ಸೇರು ತುಂಬಿಸ್ತಿದಾನೆ. ನಾಲ್ಕಕ್ಕೆ ತುಂಬುತ್ತೆ ಅಂತ ನಾನು ಹೇಳಿಲ್ಲ. ತಾನೇ ಕಂಡುಕೊಳ್ಳಲಿ.”

“ಚೆಲ್ಲಿದ್ದನ್ನ ಬಳಿಯೋರು ಯಾರು?”

“ಅವನೇ ಬಳೀತಾನೆ. ಅದೂ ಅವನಿಗೆ ಆಟವೇ.”

ಅತ್ತೆ ಶಿಕ್ಷಣಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರ ಮಾತಿನಲ್ಲಿ ಶಾಸ್ತ್ರವಿದೆ. ಅಗಲವಾದ ಪಾತ್ರೆಯ ನೀರನ್ನು ಉದ್ದನೆಯ ಲೋಟಕ್ಕೆ ಸುರಿದರೆ, ನೀರು ಹೆಚ್ಚಾಯಿತೆಂದೇ ಚಿಕ್ಕ ಮಗು ನಂಬುತ್ತದೆ. ಪ್ರಮಾಣ ಬದಲಾಗಿಲ್ಲವೆಂಬ ತಿಳಿವು ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಮೂಡುವುದೆಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿಕೊಟ್ಟರು. ಆ ತಿಳಿವನ್ನು ಬಾಯಿಮಾತಿನಿಂದ ತುರುಕಲು ಬರುವುದಿಲ್ಲ. ಸುರಿದು, ತುಂಬಿ, ಚೆಲ್ಲಿ, ಮತ್ತೆ ಸುರಿದು ಕೈಗಳೇ ಅದಕ್ಕೆ ದಾರಿ ಮಾಡಬೇಕು. ತುಂಬಿದ್ದು–ಬರಿದು, ಹೆಚ್ಚು–ಕಡಿಮೆ, ಭಾರ–ಹಗುರ ಎಂಬ ಮಾತುಗಳು ಮಗುವಿಗೆ ಅರ್ಥಪೂರ್ಣವಾಗುವುದು ಇಂಥ ಆಟದಲ್ಲಿಯೇ. ಮುಂದೆ ಶಾಲೆಯಲ್ಲಿ ಬರುವ ಗಣಿತಕ್ಕೆ ಇದಕ್ಕಿಂತ ಗಟ್ಟಿಯಾದ ಅಡಿಪಾಯವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಬಡಗಿಯ ಬಳಿಯ ಭಂಡಾರ

ಮರದ ತುಂಡುಗಳ ಚರಿತ್ರೆ ದೊಡ್ಡದು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಶಿಶುಗಳಿಗಾಗಿ ಶಾಲೆಯನ್ನು ತೆರೆದಾಗ, ಮಕ್ಕಳಿಗೆಂದು ಕೆಲವು ಆಟದ ಸಾಮಾನುಗಳನ್ನು ರೂಪಿಸಿ ಅವುಗಳನ್ನು ‘ಕಾಣಿಕೆಗಳು’ ಎಂದು ಕರೆದರು. ಮೊದಲಿನದು ಉಣ್ಣೆಯ ಚೆಂಡುಗಳು. ಮೂರನೆಯದು ಎಂಟು ಚಿಕ್ಕ ಘನಗಳಾಗಿ ಬೇರ್ಪಡುವ ಒಂದು ಮರದ ಘನ. ಇಡಿಯದು ಬಿಡಿಯಾಗುವುದನ್ನೂ, ಬಿಡಿಯದು ಸೇರಿ ಇಡಿಯಾಗುವುದನ್ನೂ ಮಗು ಕೈಯಿಂದಲೇ ಅರಿಯಲಿ ಎಂಬುದು ಅವರ ಆಶಯ. ಅಮೆರಿಕದ ಪ್ರಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ಗೆ ಬಾಲ್ಯದಲ್ಲಿ ತಾಯಿ ಈ ತುಂಡುಗಳನ್ನು ತಂದುಕೊಟ್ಟಿದ್ದರು. ತಮ್ಮ ಕಲೆಗೆ ಅವು ನೀಡಿದ ಸಂಸ್ಕಾರವನ್ನು ಅವರು ಮುಪ್ಪಿನಲ್ಲಿಯೂ ನೆನೆದರು. ಹಾಗೆಂದು ತುಂಡು ಕೊಟ್ಟ ಮಕ್ಕಳೆಲ್ಲ ಶಿಲ್ಪಿಗಳಾಗುವರೆಂದಲ್ಲ. ಸರಳವಾದ ವಸ್ತುವೂ ಬುದ್ಧಿಯಲ್ಲಿ ಎಷ್ಟು ಆಳಕ್ಕೆ ಇಳಿಯಬಲ್ಲದೆಂಬುದಕ್ಕೆ ಇದೊಂದು ಸಾಕ್ಷಿ.

ಇಂಥ ತುಂಡುಗಳು ಬಡಾವಣೆಯ ಬಡಗಿಯ ಬಳಿ ಬಿದ್ದಿರುತ್ತವೆ. ಉಳಿಕೆಯ ಮರದಲ್ಲಿ ಮೂವತ್ತು ನಲವತ್ತು ತುಂಡುಗಳನ್ನು ಕೊಯ್ಯಿಸಿಕೊಳ್ಳಬಹುದು. ಅಳತೆಯಲ್ಲಿ ಮಾತ್ರ ಶಿಸ್ತಿರಬೇಕು: ಎರಡು ಗಿಡ್ಡ ತುಂಡು ಸೇರಿದರೆ ಒಂದು ಮಧ್ಯಮ, ಎರಡು ಮಧ್ಯಮ ಸೇರಿದರೆ ಒಂದು ಉದ್ದ. ಅರ್ಧ, ಕಾಲು, ಸಮ ಎಂಬ ಕಲ್ಪನೆಗಳು ಅಲ್ಲಿಯೇ ಅಡಗಿವೆ. ಅಂಚುಗಳನ್ನೂ ಮೂಲೆಗಳನ್ನೂ ಉಪ್ಪುಕಾಗದದಿಂದ ಚೆನ್ನಾಗಿ ತಿಕ್ಕಿಸಿ, ಸಿಬಿರು ಉಳಿಯದಂತೆ ನೋಡಿಕೊಂಡರಾಯಿತು. ಬಣ್ಣ ಬಳಿಯದಿರುವುದೇ ಮೇಲು.

ಬಣ್ಣದ ಆಟಿಕೆಯೇ ಬೇಕೆನ್ನುವವರಿಗೆ ಚನ್ನಪಟ್ಟಣ ದೂರವಿಲ್ಲ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು. ಅಲ್ಲಿನ ಕುಶಲಿಗಳು ಹಗುರವಾದ ಹಾಲೆಮರವನ್ನು ತಿರುಗಣೆಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಕಂಬಕ್ಕೆ ಪೋಣಿಸುವ ಬಳೆಗಳು, ಗಿಲಕಿ, ಬುಗುರಿ, ಎಳೆಯುವ ಬಂಡಿ ಇವೆಲ್ಲ ಮಗುವಿಗೆ ಕೆಲಸ ಕೊಡುವ ಆಟಿಕೆಗಳು. ಕೊಳ್ಳುವಾಗ, ಬಳಸಿರುವುದು ಸಸ್ಯಮೂಲದ ಬಣ್ಣವೇ ಎಂದು ಮಾರುವವರನ್ನು ಕೇಳುವುದು ಒಳ್ಳೆಯದು; ಎಲ್ಲ ಸರಕೂ ಒಂದೇ ಬಗೆಯದಾಗಿರುವುದಿಲ್ಲ. ಚನ್ನಪಟ್ಟಣದ ಹೆಸರಿನಲ್ಲಿ ಬೇರೆಡೆಯ ಅನುಕರಣೆಗಳೂ ಮಾರಾಟವಾಗುವುದರಿಂದ ತುಸು ಎಚ್ಚರ ಅಗತ್ಯ.

ವಯಸ್ಸಿಗೆ ತಕ್ಕ ಸಾಮಾನು

ಒಂದು ವರ್ಷದೊಳಗಿನ ಶಿಶುವಿಗೆ ಗಿಲಕಿ, ತೊಳೆದ ಬಟ್ಟೆಯ ಚೆಂಡು, ಹೊಳೆಯುವ ಸ್ಟೀಲು ಬಟ್ಟಲು ಸಾಕು. ಕರವಸ್ತ್ರದಡಿಯಲ್ಲಿ ಚಮಚವನ್ನು ಮರೆಮಾಡಿ ಹುಡುಕಿಸಿದರೆ ಅದೇ ದೊಡ್ಡ ಆಟ. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆಂಬ ತತ್ತ್ವವನ್ನು ಶಿಶು ಅಲ್ಲಿ ಕಲಿಯುತ್ತದೆ.

ಒಂದರಿಂದ ಮೂರು ವರ್ಷದ ಮಗುವಿಗೆ ಹಾಕುವುದು, ತೆಗೆಯುವುದು, ತಳ್ಳುವುದು, ಎಳೆಯುವುದು ಪರಮಪ್ರಿಯ. ಡಬ್ಬಿಗಳು, ದೊಡ್ಡ ಮರದ ತುಂಡುಗಳು, ಗಿಡ್ಡ ದಾರದ ಬಂಡಿ, ಹಿರಿಯರ ಕಣ್ಣಳವಿನಲ್ಲಿ ಒಂದು ಸಣ್ಣ ಪಾತ್ರೆಯ ನೀರು, ಚಪಾತಿ ಹಿಟ್ಟಿನ ಉಂಡೆ, ದಪ್ಪ ರಟ್ಟಿನ ಚಿತ್ರಪುಸ್ತಕ ಇವಿಷ್ಟಿದ್ದರೆ ಬೇರೆ ಬೇಕಿಲ್ಲ.

ಮೂರರಿಂದ ಐದರ ವಯಸ್ಸು ನಟನೆಯ ಕಾಲ. ಎರಡು ತೆಂಗಿನ ಕರಟ, ಒಂದು ಕಡ್ಡಿ, ಸ್ವಲ್ಪ ಹುರಿ ಇದ್ದರೆ ತಕ್ಕಡಿ ಸಿದ್ಧ. ತಕ್ಕಡಿ ಬಂದೊಡನೆ ಅಂಗಡಿಯೂ ಬಂತು. ಕೊಳ್ಳುವುದು, ಚೌಕಾಸಿ ಮಾಡುವುದು, ಚಿಲ್ಲರೆ ಎಣಿಸುವುದು ಇವುಗಳಲ್ಲಿ ಭಾಷೆಯೂ ಲೆಕ್ಕವೂ ಒಟ್ಟಿಗೆ ಬೆಳೆಯುತ್ತವೆ. ಹಳೆಯ ಸೀರೆಯ ಅಂಚಿನಿಂದ ಹೊಲಿದ ಗೊಂಬೆಗೆ ಜ್ವರ ಬರುತ್ತದೆ, ಮದುವೆಯೂ ಆಗುತ್ತದೆ. ಇಲ್ಲಿ ಹುಡುಗ–ಹುಡುಗಿ ಎಂಬ ಭೇದ ಸಲ್ಲದು. ಗೊಂಬೆಗೆ ಅನ್ನ ಉಣಿಸಿದ ಹುಡುಗ ಮುಂದೆ ಒಳ್ಳೆಯ ತಂದೆಯಾದಾನು. ಸೇತುವೆ ಕಟ್ಟಿದ ಹುಡುಗಿ ಒಳ್ಳೆಯ ಎಂಜಿನಿಯರಾದಾಳು.

ಐದು ದಾಟಿದ ಮೇಲೆ ನಿಯಮವಿರುವ ಆಟಗಳ ಸರದಿ. ಅಳಗುಳಿಮಣೆಯ ಹದಿನಾಲ್ಕು ಕುಳಿಗಳಲ್ಲಿ ಹುಣಿಸೆಬೀಜವನ್ನು ಹಂಚುತ್ತ ಹೋಗುವ ಮಗು ಎಣಿಕೆಯನ್ನೂ ಮುಂದಾಲೋಚನೆಯನ್ನೂ ಕಲಿಯುತ್ತದೆ. ಚೌಕಾಬಾರದ ಮನೆಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೆಯೇ ಬರೆಯಬಹುದು. ಸೋಲನ್ನು ನಗುತ್ತ ಸ್ವೀಕರಿಸುವ ದೊಡ್ಡ ವಿದ್ಯೆಗೆ ಅದು ಗುರು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ, ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವುದಕ್ಕೆ ಬಾಳನ್ನೇ ಮುಡಿಪಿಟ್ಟು, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತರ ಬೆಂಕಿಕಡ್ಡಿಯ ಆಟವೂ ಈ ವಯಸ್ಸಿಗೆ ಒಪ್ಪುತ್ತದೆ. ಕಡ್ಡಿಗಳ ಮದ್ದನ್ನು ಹಿರಿಯರು ಕೆರೆದು ತೆಗೆದುಕೊಡಬೇಕು. ಸೈಕಲ್ಲಿನ ವಾಲ್‌ಟ್ಯೂಬಿನ ತುಣುಕುಗಳಿಂದ ಮೂರು ಕಡ್ಡಿಗಳನ್ನು ಜೋಡಿಸಿದರೆ ತ್ರಿಕೋನ. ಒತ್ತಿದರೂ ಅದರ ಆಕಾರ ಕೆಡದು. ನಾಲ್ಕನ್ನು ಜೋಡಿಸಿದರೆ ಚೌಕ, ಒತ್ತಿದೊಡನೆ ವಾಲುತ್ತದೆ. ರೈಲ್ವೆ ಸೇತುವೆಯ ಕಬ್ಬಿಣದಲ್ಲಿ ತ್ರಿಕೋನಗಳೇ ಏಕೆ ತುಂಬಿವೆ ಎಂಬುದಕ್ಕೆ ಮಗು ಆಗ ತಾನೇ ಉತ್ತರ ಹೇಳುತ್ತದೆ.

ಅಗ್ಗವಾದರೂ ಅಪಾಯ ಬೇಡ

ಹಣ ಉಳಿಸುವ ಉತ್ಸಾಹದಲ್ಲಿ ಮಗುವಿನ ಸುರಕ್ಷತೆಯನ್ನು ಮರೆಯಕೂಡದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವವರು ಸುಮಾರು 32 ಮಿಲಿಮೀಟರು ಅಗಲದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಅಡಗುವ ಯಾವ ವಸ್ತುವೂ ಮಗುವಿನ ಗಂಟಲಿಗೆ ಅಪಾಯಕಾರಿ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರು. ಅದಕ್ಕಿಂತ ಸ್ವಲ್ಪ ದೊಡ್ಡದಾದ ವಸ್ತುವನ್ನೂ ಶಂಕಿಸಬೇಕೆಂದು ಇದರಿಂದ ತಿಳಿಯುತ್ತದೆ. ಹುಣಿಸೆಬೀಜ, ಕವಡೆ, ಗೋಲಿ, ಮಣಿಗಳು ಆ ವಯಸ್ಸಿನವರ ಕೈಗೆ ಸಿಗಬಾರದು. ಗಾಳಿಯಿಲ್ಲದ ಬೆಲೂನು, ಚಿಕ್ಕ ಅಯಸ್ಕಾಂತಗಳು ಇನ್ನೂ ಕೆಟ್ಟವು. ಗುಂಡಿಯಾಕಾರದ ಬ್ಯಾಟರಿಯಂತೂ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ತೀವ್ರವಾಗಿ ಸುಡಬಲ್ಲದು. ಮಗು ಅದನ್ನು ನುಂಗಿರುವ ಶಂಕೆ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಿರುಪಿನಿಂದ ಭದ್ರಪಡಿಸದ ಬ್ಯಾಟರಿ ಮನೆಯುಳ್ಳ ಆಟಿಕೆಯನ್ನು ಕೊಳ್ಳಲೇಬಾರದು.

ಬಣ್ಣದಲ್ಲಿರಬಹುದಾದ ಸೀಸ ಇನ್ನೊಂದು ಶತ್ರು. ಅದು ಎಳೆಯ ಮಿದುಳಿಗೆ ನೇರವಾಗಿ ಕೇಡು ಮಾಡುತ್ತದೆ. ಬಣ್ಣ ಏಳುತ್ತಿರುವ ಹಳೆಯ ಆಟಿಕೆಯನ್ನು ಮಮತೆಯಿಂದ ಉಳಿಸಿಕೊಂಡು ಮುಂದಿನ ಮಗುವಿಗೆ ಕೊಡುವುದು ಸರಿಯಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಿಗಳ ಸರಕಿಗೂ, ಭೌಗೋಳಿಕ ಗುರುತು ಪಡೆದ ನೋಂದಾಯಿತ ತಯಾರಕರ ಆಟಿಕೆಗಳಿಗೂ ವಿನಾಯಿತಿಯುಂಟು. ಫುಟ್‌ಪಾತಿನ ಮೇಲೆ ಹೆಸರಿಲ್ಲದೆ ಬರುವ, ಮೂಗಿಗೆ ಘಾಟು ಬಡಿಯುವ ಪ್ಲಾಸ್ಟಿಕ್ ಸಾಮಾನಿಗಿಂತ ಮನೆಯ ಸ್ಟೀಲು ಲೋಟ ಎಷ್ಟೋ ಮೇಲು.

ಎಷ್ಟಿದ್ದರೆ ಸಾಕು?

ಆಟಿಕೆ ಹೆಚ್ಚಾದಷ್ಟೂ ಆಟ ಹೆಚ್ಚೀತೆಂಬುದು ಹಿರಿಯರ ಭ್ರಮೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾನಿಲಯದ ವಿದ್ವಾಂಸರು 36 ಪುಟ್ಟ ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳೊಡನೆ, ಇನ್ನೊಮ್ಮೆ ಹದಿನಾರು ಆಟಿಕೆಗಳೊಡನೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆಯೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದವು. ಈ ಅಧ್ಯಯನ ಪ್ರಕಟವಾದುದು 2018ರಲ್ಲಿ. ಆದುದರಿಂದ ಇರುವ ಆಟಿಕೆಗಳಲ್ಲಿ ಮುಕ್ಕಾಲು ಪಾಲನ್ನು ಎತ್ತಿಟ್ಟು, ಎರಡು ಮೂರು ವಾರಕ್ಕೊಮ್ಮೆ ಬದಲಿಸುತ್ತ ಬಂದರೆ, ಹಳೆಯದೇ ಹೊಸದಾಗಿ ಬರುತ್ತದೆ. ಬೀದಿಯ ನಾಲ್ಕು ಮನೆಯವರು ಸೇರಿ ಆಟಿಕೆಗಳನ್ನು ತೊಳೆದು ಅದಲುಬದಲು ಮಾಡಿಕೊಂಡರೆ ಖರ್ಚು ಇನ್ನೂ ತಗ್ಗುತ್ತದೆ.

ಆದರೆ ದುಬಾರಿ ಆಟಿಕೆಯನ್ನು ಒಡೆದೀತೆಂಬ ಭಯದಿಂದ ಗಾಜಿನ ಬೀರುವಿನಲ್ಲಿ ಬಿಗಿದಿಡುವುದು ಬೇರೆಯ ಮಾತು. ನವರಾತ್ರಿಯ ಪಟ್ಟದ ಗೊಂಬೆಗಳಿಗೆ ಆ ಮರ್ಯಾದೆ ಸಲ್ಲಲಿ; ಅವು ಪೂಜೆಗೆ ಕುಳಿತವು. ಮುಟ್ಟಬಾರದ ಆಟಿಕೆ ಮಗುವಿಗೆ ಕಲಿಸುವುದು ಆಸೆಯನ್ನು ಮಾತ್ರ.

ಉಳಿದ ಬೆಲೆ

ಇಷ್ಟು ಹೇಳಿದ ಮೇಲೆ ಒಂದು ಸತ್ಯವನ್ನು ಮುಚ್ಚಿಡಲಾಗದು. ಅಗ್ಗದ ಆಟಿಕೆ ಪೂರ್ತಿಯಾಗಿ ಅಗ್ಗವಲ್ಲ. ದೀಪ ಬೆಳಗುವ ಯಂತ್ರವನ್ನೋ ಮೊಬೈಲನ್ನೋ ಕೊಟ್ಟು ಹಿರಿಯರು ತಮ್ಮ ಕೆಲಸಕ್ಕೆ ಹೋಗಬಹುದು. ಕರಟದ ತಕ್ಕಡಿಯನ್ನು ಕೊಟ್ಟರೆ, ಎದುರಿಗೆ ಕುಳಿತು ಒಂದು ಸೇರು ಗಾಳಿಯನ್ನು ಕೊಳ್ಳಬೇಕಾಗುತ್ತದೆ. ಹಣದಲ್ಲಿ ಉಳಿದದ್ದನ್ನು ಹೊತ್ತಿನಲ್ಲಿ ತೆರಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಹಣಕ್ಕಿಂತ ಹೊತ್ತೇ ದುರ್ಲಭವೆಂಬುದು ನಿಜ. ಆದರೆ ಮಗು ಕೇಳುವುದು ಇಡೀ ಸಂಜೆಯನ್ನಲ್ಲ. ಕಚೇರಿಯಿಂದ ಬಂದು ಕಾಫಿ ಕುಡಿದ ಮೇಲೆ ತಂದೆ ಕಾಲು ಗಂಟೆ ನೆಲದ ಮೇಲೆ ಕುಳಿತರೆ ಸಾಕು. ಆ ಆಟವನ್ನು ಮುಂದಿನ ಒಂದು ಗಂಟೆ ಮಗು ತಾನೊಂದೇ ಮುಂದುವರಿಸುತ್ತದೆ. ಒಬ್ಬಂಟಿಯಾಗಿ, ತನ್ನಷ್ಟಕ್ಕೆ ಆಡುವುದನ್ನು ಕಲಿತ ಮಗು ಮನೆಗೆ ದೊಡ್ಡ ಆಸ್ತಿ.

ಮುಂದಿನ ಹುಟ್ಟುಹಬ್ಬಕ್ಕೆ ಅಂಗಡಿಗೆ ಹೊರಡುವ ಮೊದಲು, ಇಟ್ಟುಕೊಂಡ ಹಣವನ್ನು ಮೂರು ಪಾಲು ಮಾಡಿ ನೋಡಬಹುದು. ಒಂದು ಪಾಲಿಗೆ ಬಡಗಿಯಿಂದ ಮರದ ತುಂಡುಗಳು. ಒಂದು ಪಾಲಿಗೆ ಒಳ್ಳೆಯ ಕನ್ನಡ ಚಿತ್ರಪುಸ್ತಕ. ಮೂರನೆಯ ಪಾಲು ಮನೆಯ ಡಬ್ಬಿಯಲ್ಲಿಯೇ ಉಳಿಯಲಿ. ಬರಿಗೈಯಲ್ಲಿ ಹಿಂದಿರುಗಿದೆನೆಂದು ಕೊರಗುವ ತಾಯಿ ಒಂದನ್ನು ನೆನೆಯಬೇಕು: ಮಗುವಿನ ಮೊಟ್ಟಮೊದಲನೆಯ ಆಟಿಕೆ ಅವಳ ಬೆರಳು, ಎರಡನೆಯದು ಅವಳ ದನಿ. ಅವೆರಡೂ ಇನ್ನೂ ಮಾರುಕಟ್ಟೆಗೆ ಬಂದಿಲ್ಲ.